ಎರಡು ಅಲ್ಯೂಮಿನಿಯಂ, ಒಂದೇ ತಗಡು



ರಾಯಚೂರು ಜಿಲ್ಲೆಯ ಬೇಸಿಗೆ ಎಂಥದೆಂದು ಅಲ್ಲಿನವರಿಗೆ ಯಾರೂ ಹೇಳಬೇಕಾಗಿಲ್ಲ. ಏಪ್ರಿಲ್, ಮೇ ತಿಂಗಳುಗಳಲ್ಲಿ ಉಷ್ಣತೆ 40 ಡಿಗ್ರಿ ಸೆಲ್ಸಿಯಸ್ ದಾಟುತ್ತದೆ. ಅಂಥ ಮಧ್ಯಾಹ್ನ ರಾಯಚೂರಿನಿಂದ ಚಂದ್ರಬಂಡಕ್ಕೋ, ಮಾನ್ವಿಗೋ, ದೇವದುರ್ಗಕ್ಕೋ ಹೊರಟ ಕಾರಿನ ಎಂಜಿನ್ ಕಾದು ನಿಂತುಹೋಗದಂತೆ ನೋಡಿಕೊಳ್ಳುವುದು ಅದರ ಮುಂಭಾಗದಲ್ಲಿರುವ ರೇಡಿಯೇಟರ್. ಎಂಜಿನ್ನಿನ ಶಾಖವನ್ನು ಹೊತ್ತು ತಂದ ನೀರು ಚಪ್ಪಟೆ ಕೊಳವೆಗಳಲ್ಲಿ ಹರಿಯುತ್ತದೆ. ಕೊಳವೆಗಳ ನಡುವೆ ಅಂಕುಡೊಂಕಾಗಿ ಮಡಿಸಿದ ತೆಳುವಾದ ರೆಕ್ಕೆಗಳಿರುತ್ತವೆ. ಗಾಳಿ ಅವುಗಳ ಮೂಲಕ ಹಾಯ್ದು ಶಾಖವನ್ನು ಒಯ್ಯುತ್ತದೆ.

ಹಿಂದೆ ಇವನ್ನು ತಾಮ್ರ ಮತ್ತು ಹಿತ್ತಾಳೆಯಿಂದ ಮಾಡುತ್ತಿದ್ದರು. ಇಂದಿನ ಕಾರುಗಳಲ್ಲಿ ಕೊಳವೆಯೂ ರೆಕ್ಕೆಯೂ ಅಲ್ಯೂಮಿನಿಯಮ್ಮಿನವು. ಒಂದು ರೇಡಿಯೇಟರಿನಲ್ಲಿ ರೆಕ್ಕೆ ಕೊಳವೆಯನ್ನು ಮುಟ್ಟುವ ಜಾಗಗಳು ಸಾವಿರಾರು. ಪ್ರತಿಯೊಂದು ಜಾಗದಲ್ಲೂ ಲೋಹ ಲೋಹಕ್ಕೆ ಗಟ್ಟಿಯಾಗಿ ಕೂಡಿಕೊಂಡಿದೆ. ಅಲ್ಲಿ ಸ್ಕ್ರೂ ಇಲ್ಲ, ರಿವೆಟ್ ಇಲ್ಲ. ಯಾವ ವೆಲ್ಡರನೂ ಅಷ್ಟು ಜಾಗಗಳಿಗೆ ಒಂದೊಂದಾಗಿ ಬೆಸುಗೆ ಹಾಕುತ್ತ ಕೂತಿಲ್ಲ. ಹಾಗಾದರೆ ಅವು ಕೂಡಿದ್ದು ಹೇಗೆ?

ಕೊಳವೆಯನ್ನು ಮಾಡಿದ ತಗಡಿನಲ್ಲೇ ಇದರ ಉತ್ತರ ಅಡಗಿದೆ. ಕಣ್ಣಿಗೆ ಒಂದೇ ಲೋಹದಂತೆ ಕಾಣುವ ಆ ತಗಡು ನಿಜವಾಗಿ ಎರಡು ಬೇರೆ ಬೇರೆ ಅಲ್ಯೂಮಿನಿಯಂ ಮಿಶ್ರಲೋಹಗಳ ಪದರಗಳಿಂದಾದದ್ದು. ಎರಕ ಹೊಯ್ಯುವಾಗ ಮತ್ತು ಉರುಳೆಗಳ ನಡುವೆ ಒತ್ತಿ ತಟ್ಟುವಾಗ ಇಂಥ ಬೇರೆ ಬೇರೆ ಮಿಶ್ರಲೋಹಗಳನ್ನು ಹೇಗೆ ಒಂದುಗೂಡಿಸುತ್ತಾರೆ ಎಂಬುದೇ ಇಂದಿನ ನಮ್ಮ ವಿಷಯ.

ಒಂದೇ ಲೋಹ ಏಕೆ ಸಾಲದು?

ಶುದ್ಧ ಅಲ್ಯೂಮಿನಿಯಂ ಹಗುರವಾದ ಲೋಹ. ಒಂದು ಘನ ಸೆಂಟಿಮೀಟರ್ ಕಬ್ಬಿಣ ಸುಮಾರು 7.9 ಗ್ರಾಂ ತೂಗಿದರೆ ಅಷ್ಟೇ ಗಾತ್ರದ ಅಲ್ಯೂಮಿನಿಯಂ 2.7 ಗ್ರಾಂ ತೂಗುತ್ತದೆ. ಅದು 660 ಡಿಗ್ರಿಯಲ್ಲಿ ಕರಗುತ್ತದೆ, ವಿದ್ಯುತ್ತನ್ನೂ ಶಾಖವನ್ನೂ ಚೆನ್ನಾಗಿ ಹರಿಯಬಿಡುತ್ತದೆ. ಆದರೆ ಬಹಳ ಮೆದು. ಆದ್ದರಿಂದ ಅದಕ್ಕೆ ಬೇರೆ ಧಾತುಗಳನ್ನು ಸ್ವಲ್ಪ ಸ್ವಲ್ಪ ಬೆರೆಸುತ್ತಾರೆ. 1906ರಲ್ಲಿ ಜರ್ಮನಿಯ ಆಲ್‌ಫ್ರೆಡ್ ವಿಲ್ಮ್ ಎಂಬ ಲೋಹವಿಜ್ಞಾನಿ ತಾಮ್ರ ಮತ್ತು ಮೆಗ್ನೀಸಿಯಂ ಬೆರೆಸಿದ ಅಲ್ಯೂಮಿನಿಯಮ್ಮನ್ನು ಕಾಯಿಸಿ, ನೀರಿನಲ್ಲಿ ಅದ್ದಿ, ಹಾಗೆಯೇ ಇಟ್ಟ. ಕೆಲವು ದಿನಗಳಲ್ಲಿ ಅದು ತಾನೇ ತಾನಾಗಿ ಗಟ್ಟಿಯಾಯಿತು. ಡ್ಯುರಾಲುಮಿನ್ ಎಂದು ಹೆಸರಾದ ಈ ಮಿಶ್ರಲೋಹದಿಂದಲೇ ಲೋಹದ ಮೈಯ ವಿಮಾನಗಳ ಯುಗ ಆರಂಭವಾಯಿತು ಎನ್ನಬಹುದು.

ಆದರೆ ಒಂದು ಗುಣ ಬಂದರೆ ಇನ್ನೊಂದು ಗುಣ ಹೋಗುತ್ತದೆ. ತಾಮ್ರ ಬಲವನ್ನು ಕೊಟ್ಟರೂ ತೇವ ಮತ್ತು ಉಪ್ಪಿನ ಗಾಳಿಗೆ ಲೋಹ ಬೇಗ ತುತ್ತಾಗುವಂತೆ ಮಾಡುತ್ತದೆ. ಸಿಲಿಕಾನ್ ಬೆರೆಸಿದರೆ ಲೋಹ ಕಡಿಮೆ ಉಷ್ಣತೆಯಲ್ಲಿ ಕರಗಿ ಸಲೀಸಾಗಿ ಹರಿಯುತ್ತದೆ. ಆದರೆ ಮಡಿಸಿದಾಗ ಬಿರಿಯುವ ಗುಣ ಹೆಚ್ಚುತ್ತದೆ. ನಮ್ಮ ಶಕ್ತಿನಗರದ ವಿದ್ಯುತ್ ಕೇಂದ್ರದಿಂದ ಹೊರಡುವಂಥ ದೊಡ್ಡ ತಂತಿಮಾರ್ಗಗಳನ್ನು ಹಾಕುವವರೂ ಇದೇ ಸಮಸ್ಯೆಯನ್ನು ಎದುರಿಸುತ್ತಾರೆ. ಶುದ್ಧ ಅಲ್ಯೂಮಿನಿಯಂ ಎಳೆಯಲ್ಲಿ ವಿದ್ಯುತ್ತು ಚೆನ್ನಾಗಿ ಹರಿಯುತ್ತದೆ, ಆದರೆ ಕಂಬದಿಂದ ಕಂಬಕ್ಕೆ ತನ್ನ ಭಾರವನ್ನು ತಾನೇ ಹೊರಲು ಅದಕ್ಕೆ ಕಷ್ಟ. ಮೆಗ್ನೀಸಿಯಂ ಮತ್ತು ಸಿಲಿಕಾನ್ ಸೇರಿದ ಎಳೆ ಬಲವಾದದ್ದು, ಆದರೆ ಅದರ ವಾಹಕತೆ ಕಡಿಮೆ. ಅದಕ್ಕಾಗಿ ಎರಡೂ ಬಗೆಯ ಎಳೆಗಳನ್ನು ಹುರಿಗಟ್ಟಿದ ತಂತಿಗಳೂ ಉಂಟು, ಉಕ್ಕಿನ ಎಳೆಯ ಸುತ್ತ ಅಲ್ಯೂಮಿನಿಯಂ ಸುತ್ತಿದ ತಂತಿಗಳೂ ಉಂಟು.

ತಂತಿಯಲ್ಲಾದರೆ ಎಳೆಗಳನ್ನು ಹೊಸೆದರೆ ಸಾಕು. ತಗಡಿನಲ್ಲಿ ಹಾಗೆ ಮಾಡಲಾಗದು. ಅಲ್ಲಿ ಒಂದು ಲೋಹ ಇನ್ನೊಂದರ ಮೈಗೆ ಅಣುವಿಗೆ ಅಣು ತಾಗುವಂತೆ ಅಂಟಬೇಕು. ಜೊತೆಗೆ ಎರಡೂ ತಮ್ಮ ತಮ್ಮ ಗುಣವನ್ನು ಉಳಿಸಿಕೊಳ್ಳಬೇಕು. ಪೂರ್ತಿ ಬೆರೆತುಹೋದರೆ ಅದು ಎರಡರ ಗುಣವೂ ಇಲ್ಲದ ಮೂರನೆಯ ಲೋಹವಾಗುತ್ತದೆ. ಕೂಡಬೇಕು, ಆದರೆ ಕಲೆತು ಒಂದಾಗಬಾರದು. ಈ ಕೆಲಸದ ಎಲ್ಲ ಕಷ್ಟವೂ ಈ ಒಂದು ಮಾತಿನಲ್ಲಿದೆ.

ಅಡ್ಡ ಬರುವ ಪೊರೆ

ನಮ್ಮ ಕಡೆ ಹಿರಿಯರು ಅಲ್ಯೂಮಿನಿಯಂ ಪಾತ್ರೆಯನ್ನು ‘ಜರ್ಮನ್ ಪಾತ್ರೆ’ ಎಂದು ಕರೆಯುವುದುಂಟು. ಆ ಪಾತ್ರೆ ಕಬ್ಬಿಣದಂತೆ ತುಕ್ಕು ಹಿಡಿದು ಉದುರುವುದಿಲ್ಲ. ಗಾಳಿ ಸೋಕಿದೊಡನೆ ಅದರ ಮೈಮೇಲೆ ಅಲ್ಯೂಮಿನಿಯಂ ಆಕ್ಸೈಡಿನ ಪೊರೆ ಹರಡಿಕೊಳ್ಳುವುದೇ ಇದಕ್ಕೆ ಕಾರಣ. ಆ ಪೊರೆಯ ದಪ್ಪ ಕೆಲವೇ ನ್ಯಾನೋಮೀಟರ್. ಅಂದರೆ ಒಂದು ಮಿಲಿಮೀಟರನ್ನು ಹತ್ತು ಲಕ್ಷ ಭಾಗ ಮಾಡಿದರೆ ಅದರಲ್ಲಿ ಕೆಲವು ಭಾಗ. ಅದನ್ನು ಕೆರೆದು ತೆಗೆದರೂ ಕ್ಷಣಮಾತ್ರದಲ್ಲಿ ಹೊಸ ಪೊರೆ ಹುಟ್ಟುತ್ತದೆ. ಒಳಗಿನ ಲೋಹ 660 ಡಿಗ್ರಿಯಲ್ಲಿ ಕರಗಿದರೂ ಈ ಪೊರೆ 2000 ಡಿಗ್ರಿ ದಾಟಿದರೂ ಕರಗುವುದಿಲ್ಲ.

ಪಾತ್ರೆಯನ್ನು ಕಾಯುವ ಈ ಪೊರೆಯೇ ಜೋಡಣೆಗೆ ಶತ್ರು. ತಣ್ಣಗಿರುವ ಅಲ್ಯೂಮಿನಿಯಂ ಗಟ್ಟಿಯ ಮೇಲೆ ಕರಗಿದ ಅಲ್ಯೂಮಿನಿಯಂ ಹೊಯ್ದೆವೆನ್ನಿ. ಆರಿದ ಮೇಲೆ ಎರಡೂ ಒಂದಾದಂತೆ ಕಾಣುತ್ತವೆ. ಸುತ್ತಿಗೆಯಿಂದ ಒಂದು ಪೆಟ್ಟು ಕೊಟ್ಟರೆ ಹೋಳಾಗಿ ಬೇರ್ಪಡುತ್ತವೆ. ಕರಗಿದ ಲೋಹ ಮುಟ್ಟಿದ್ದು ಕೆಳಗಿನ ಲೋಹವನ್ನಲ್ಲ, ಅದರ ಮೇಲಿದ್ದ ಪೊರೆಯನ್ನು.

ಆದ್ದರಿಂದ ಜೋಡಿಸುವವನಿಗೆ ಉಳಿದಿರುವ ದಾರಿಗಳು ಮೂರು. ಪೊರೆಯನ್ನು ಒಡೆಯಬೇಕು, ಇಲ್ಲವೇ ಯಾವುದಾದರೂ ದ್ರವದಲ್ಲಿ ಕರಗಿಸಬೇಕು, ಇಲ್ಲವೇ ಪೊರೆ ಹುಟ್ಟುವುದಕ್ಕೆ ಅವಕಾಶವನ್ನೇ ಕೊಡಬಾರದು. ಈ ಮೂರನ್ನೂ ಒಂದೊಂದಾಗಿ ನೋಡೋಣ.

ಹೋಳಿಗೆಯಂತೆ ಲಟ್ಟಿಸುವುದು

ಮೊದಲನೆಯ ದಾರಿ ಉರುಳೆಗಳ ನಡುವೆ ಒತ್ತುವುದು. 1920ರ ದಶಕದಲ್ಲಿ ವಿಮಾನ ಕಟ್ಟುವವರಿಗೆ ಡ್ಯುರಾಲುಮಿನ್ ತಗಡಿನ ಬಗ್ಗೆ ಒಂದು ಭಯವಿತ್ತು. ಮೇಲ್ನೋಟಕ್ಕೆ ಸರಿಯಾಗಿಯೇ ಕಾಣುವ ತಗಡು ಒಳಗೊಳಗೇ, ಹರಳುಗಳ ಅಂಚಿನುದ್ದಕ್ಕೂ ಸವೆದು ಬಲ ಕಳೆದುಕೊಳ್ಳುತ್ತಿತ್ತು. ಆಕಾಶದಲ್ಲಿ ಹಾರುವ ಯಂತ್ರಕ್ಕೆ ಇದಕ್ಕಿಂತ ದೊಡ್ಡ ಅಪಾಯ ಬೇರೇನಿದೆ? ಅಮೆರಿಕದ ಅಲ್ಕೋವಾ ಕಂಪನಿಯ ಸಂಶೋಧಕರು ಆ ದಶಕದಲ್ಲಿಯೇ ಒಂದು ಉಪಾಯ ಕಂಡುಹಿಡಿದರು. ಬಲವಾದ ಮಿಶ್ರಲೋಹವನ್ನು ನಡುವೆ ಇಟ್ಟು ಅದರ ಎರಡೂ ಮೈಗೆ ಶುದ್ಧ ಅಲ್ಯೂಮಿನಿಯಮ್ಮಿನ ಹೊದಿಕೆ ಹೊದಿಸಿದರು. ಆ ತಗಡಿಗೆ ಆಲ್‌ಕ್ಲ್ಯಾಡ್ ಎಂದು ಹೆಸರಾಯಿತು. 1929ರಲ್ಲಿ ಹಾರಿದ ಝಡ್‌ಎಂಸಿ–2 ಎಂಬ ಲೋಹದ ಮೈಯ ವಾಯುನೌಕೆಗೆ ಈ ತಗಡನ್ನೇ ಬಳಸಿದರು. ಅದರ ದಪ್ಪ ಕಾಲು ಮಿಲಿಮೀಟರಿಗಿಂತ ಕಡಿಮೆ. ಆದರೂ ಆ ನೌಕೆ 1941ರವರೆಗೆ ಉಳಿಯಿತು.

ಇದನ್ನು ಮಾಡುವ ಕ್ರಮ ಹೀಗಿದೆ. ನಡುವಿನ ಮಿಶ್ರಲೋಹದ ದೊಡ್ಡ ಗಟ್ಟಿಯನ್ನು ಎರಕ ಹೊಯ್ದು, ಅದರ ಮೈಯನ್ನು ಹೆರೆದು ಚೊಕ್ಕಟ ಮಾಡುತ್ತಾರೆ. ಮೇಲೊಂದು ಕೆಳಗೊಂದು ಹೊದಿಕೆಯ ಹಲಗೆ ಇಟ್ಟು ಬಿಗಿಯುತ್ತಾರೆ. ಕುಲುಮೆಯಲ್ಲಿ ಕಾಯಿಸಿ ರೋಲಿಂಗ್ ಮಿಲ್ಲಿನ ಉರುಳೆಗಳ ನಡುವೆ ಹಾಯಿಸುತ್ತಾರೆ. ಒತ್ತಡಕ್ಕೆ ಲೋಹ ಉದ್ದುದ್ದ ಹಿಗ್ಗುತ್ತದೆ. ಪೊರೆಗೆ ಹಿಗ್ಗುವ ಗುಣವಿಲ್ಲ, ಆದ್ದರಿಂದ ಒಣಗಿದ ಕೆರೆಯ ಮಣ್ಣಿನಂತೆ ಬಿರುಕು ಬಿಡುತ್ತದೆ. ಆ ಬಿರುಕುಗಳೊಳಗೆ ಎರಡೂ ಕಡೆಯಿಂದ ತಾಜಾ ಲೋಹ ನುಗ್ಗಿ ಒಂದನ್ನೊಂದು ಮುಟ್ಟುತ್ತದೆ. ಅಲ್ಲಿ ಬಂಧ ಹುಟ್ಟುತ್ತದೆ.

ಇದು ಹೋಳಿಗೆ ಮಾಡುವ ಕೆಲಸವೇ. ಕಣಕದೊಳಗೆ ಹೂರಣ ತುಂಬಿ ಲಟ್ಟಿಸಿದಾಗ ಎರಡೂ ಒಟ್ಟಿಗೆ ತೆಳುವಾಗುತ್ತವೆ, ಆದರೆ ಅವುಗಳ ಪ್ರಮಾಣ ಬದಲಾಗುವುದಿಲ್ಲ. ಲೆಕ್ಕ ಹಾಕಿ ನೋಡಿ. 500 ಮಿಲಿಮೀಟರ್ ದಪ್ಪದ ಗಟ್ಟಿಯಲ್ಲಿ ಒಂದು ಬದಿಯ ಹೊದಿಕೆ 50 ಮಿಲಿಮೀಟರ್ ಇದ್ದರೆ ಅದು ಹತ್ತನೆಯ ಒಂದು ಭಾಗ. ಇದನ್ನು ಅರ್ಧ ಮಿಲಿಮೀಟರ್ ತಗಡಾಗಿ ಲಟ್ಟಿಸಿದರೆ ಹೊದಿಕೆ 0.05 ಮಿಲಿಮೀಟರಿಗೆ ಇಳಿಯುತ್ತದೆ. ಸಾವಿರ ಪಟ್ಟು ತೆಳುವಾದರೂ ಅದು ಹತ್ತನೆಯ ಒಂದು ಭಾಗವೇ. ಕಣಕ ತೀರಾ ಮೆತ್ತಗಿದ್ದು ಹೂರಣ ಗಟ್ಟಿಯಾಗಿದ್ದರೆ ಹೋಳಿಗೆ ಹರಿದು ಹೂರಣ ಹೊರಗೆ ಬರುತ್ತದೆ ಎಂದು ನಿಮ್ಮ ಮನೆಯ ತಾಯಂದಿರಿಗೆ ಗೊತ್ತು. ಮಿಲ್ಲಿನಲ್ಲೂ ಅಷ್ಟೇ. ಎರಡು ಮಿಶ್ರಲೋಹಗಳ ಗಡಸುತನದಲ್ಲಿ ಬಹಳ ಅಂತರವಿದ್ದರೆ ಮೆತ್ತನೆಯದು ಮುಂದಕ್ಕೆ ಜಾರಿ ಹೊದಿಕೆಯ ದಪ್ಪ ಒಂದೇ ಸಮ ಉಳಿಯುವುದಿಲ್ಲ. ನಡುವೆ ಗಾಳಿ ಸಿಕ್ಕಿಕೊಂಡರೆ ತಗಡಿನ ಮೇಲೆ ಗುಳ್ಳೆಗಳೇಳುತ್ತವೆ.

ಹೊದಿಕೆ ಎರಡು ರೀತಿಯಲ್ಲಿ ಕಾಯುತ್ತದೆ. ತಾನು ಬೇಗ ಸವೆಯುವುದಿಲ್ಲ. ಎಲ್ಲಾದರೂ ಗೀರು ಬಿದ್ದು ಒಳಗಿನ ಲೋಹ ಹೊರಗೆ ಕಂಡರೂ, ವಿದ್ಯುದ್ರಾಸಾಯನಿಕ ಕ್ರಿಯೆಯಲ್ಲಿ ಹೊದಿಕೆಯೇ ಮೊದಲು ಸವೆದು ಒಳಗಿನದನ್ನು ಉಳಿಸುತ್ತದೆ. ಸತು ಬಳಿದ ಕಬ್ಬಿಣದ ತಗಡಿನಲ್ಲಿ ಸತು ಮಾಡುವ ಕೆಲಸವೂ ಇದೇ.

1940ರಲ್ಲಿ ಬೆಂಗಳೂರಿನಲ್ಲಿ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಕಾರ್ಖಾನೆ ಆರಂಭವಾಯಿತು. ಇಂದು ಅದು ಎಚ್‌ಎಎಲ್. ಅಲ್ಲಿ ರೂಪುಗೊಂಡ ಎಚ್‌ಟಿ–2 ತರಬೇತಿ ವಿಮಾನ 1951ರಲ್ಲಿ ಹಾರಿತು. ಲೋಹದ ಮೈಯ ವಿಮಾನ ಕಟ್ಟುವ ಯಾವ ಕಾರ್ಖಾನೆಗೂ ಹೊದಿಕೆ ತಗಡು ಪರಿಚಿತ ವಸ್ತು; ಅದನ್ನು ಕಾಯಿಸುವಾಗ ವಹಿಸಬೇಕಾದ ಎಚ್ಚರವೂ ಅಷ್ಟೇ ಪರಿಚಿತ. ಬಲ ಬರಲೆಂದು ತಗಡನ್ನು ಸುಮಾರು 495 ಡಿಗ್ರಿಗೆ ಕಾಯಿಸಿ ಥಟ್ಟನೆ ತಣಿಸುತ್ತಾರೆ. ಹೆಚ್ಚು ಹೊತ್ತು ಕಾಯಿಸಿದರೆ, ಅಥವಾ ಮತ್ತೆ ಮತ್ತೆ ಕಾಯಿಸಿದರೆ, ಒಳಗಿನ ತಾಮ್ರ ಮೆಲ್ಲನೆ ಹೊದಿಕೆಯೊಳಗೆ ಸರಿಯುತ್ತದೆ. ತಾಮ್ರ ಸೇರಿದ ಹೊದಿಕೆ ಕಾಯುವ ಶಕ್ತಿಯನ್ನು ಕಳೆದುಕೊಳ್ಳುತ್ತದೆ. ಆದ್ದರಿಂದ ಇಂಥ ತಗಡನ್ನು ಎಷ್ಟು ಹೊತ್ತು, ಎಷ್ಟು ಸಲ ಕಾಯಿಸಬಹುದು ಎಂಬುದಕ್ಕೆ ಮಿತಿಯಿದೆ. ಕೂಡಬೇಕು, ಕಲೆಯಬಾರದು ಎಂದದ್ದು ಇಲ್ಲಿ ವಿಮಾನದ ಸುರಕ್ಷತೆಯ ಪ್ರಶ್ನೆಯೇ ಆಗುತ್ತದೆ.

ಪತ್ತಾರನ ಬಿಳಿಗಾರ, ಕುಲುಮೆಯ ಫ್ಲಕ್ಸ್

ಎರಡನೆಯ ದಾರಿ ಪೊರೆಯನ್ನು ಕರಗಿಸುವುದು. ಚಿನ್ನದ ಗಣಿಯಿರುವ ಹಟ್ಟಿ ನಿಮ್ಮ ಜಿಲ್ಲೆಯಲ್ಲೇ ಇದೆ. ಚಿನ್ನದ ಕೆಲಸ ಮಾಡುವ ಪತ್ತಾರರು ಬೆಸುಗೆ ಹಾಕುವಾಗ ಬಿಳಿಗಾರ ಹಚ್ಚುವುದನ್ನು ನೀವು ನೋಡಿರಬಹುದು. ಕರಗಿದ ಬಿಳಿಗಾರ ಲೋಹದ ಮೇಲಿನ ಆಕ್ಸೈಡನ್ನು ತನ್ನೊಳಗೆ ಸೆಳೆದುಕೊಂಡು ಮೈಯನ್ನು ಚೊಕ್ಕಟ ಮಾಡುತ್ತದೆ. ಇಂಥ ವಸ್ತುವಿಗೆ ಫ್ಲಕ್ಸ್ ಎಂದು ಹೆಸರು. ಅಲ್ಯೂಮಿನಿಯಮ್ಮಿನ ಹಠಮಾರಿ ಪೊರೆಗೆ ಬಿಳಿಗಾರ ಸಾಲದು. ಅದಕ್ಕೆ ಪೊಟ್ಯಾಸಿಯಂ, ಅಲ್ಯೂಮಿನಿಯಂ ಮತ್ತು ಫ್ಲೋರಿನ್ ಸೇರಿದ ಲವಣವನ್ನು ಬಳಸುತ್ತಾರೆ.

ಈಗ ರೇಡಿಯೇಟರಿನ ಒಗಟು ಬಿಡಿಸೋಣ. ಅದರ ಕೊಳವೆಯ ತಗಡಿನಲ್ಲಿ ತಿರುಳು ಮ್ಯಾಂಗನೀಸ್ ಬೆರೆತ ಮಿಶ್ರಲೋಹ. ಅದು ಕರಗಲು ಆರಂಭಿಸುವುದು 640 ಡಿಗ್ರಿಯ ಆಸುಪಾಸಿನಲ್ಲಿ. ಹೊದಿಕೆ ಶೇಕಡಾ 7ರಿಂದ 11ರಷ್ಟು ಸಿಲಿಕಾನ್ ಬೆರೆತ ಮಿಶ್ರಲೋಹ. ಅದು 577 ಡಿಗ್ರಿಯಲ್ಲೇ ಕರಗತೊಡಗುತ್ತದೆ. ಕೊಳವೆ ಮತ್ತು ರೆಕ್ಕೆಗಳನ್ನು ಜೋಡಿಸಿ ಬಿಗಿದು, ಫ್ಲಕ್ಸ್ ಪುಡಿ ಸಿಂಪಡಿಸಿ, ಸಾರಜನಕ ತುಂಬಿದ ಕುಲುಮೆಯಲ್ಲಿ ಸುಮಾರು 600 ಡಿಗ್ರಿಗೆ ಕಾಯಿಸುತ್ತಾರೆ. ಮೊದಲು ಸುಮಾರು 570 ಡಿಗ್ರಿಯಲ್ಲಿ ಫ್ಲಕ್ಸ್ ಕರಗಿ ಪೊರೆಯನ್ನು ತೆಗೆಯುತ್ತದೆ. ಅನಂತರ ಹೊದಿಕೆ ಕರಗುತ್ತದೆ. ತಿರುಳು ಗಟ್ಟಿಯಾಗಿಯೇ ಉಳಿಯುತ್ತದೆ. ದೀಪದ ಬತ್ತಿ ಎಣ್ಣೆಯನ್ನು ಎಳೆದುಕೊಳ್ಳುವಂತೆ, ಲೋಮನಾಳ ಕ್ರಿಯೆಯಿಂದ ಕರಗಿದ ಲೋಹ ರೆಕ್ಕೆ ಮುಟ್ಟಿದ ಪ್ರತಿಯೊಂದು ಮೂಲೆಗೂ ಹರಿದು ನಿಲ್ಲುತ್ತದೆ. ತಣಿದಾಗ ಸಾವಿರಾರು ಬೆಸುಗೆಗಳು ಒಮ್ಮೆಲೇ ಮುಗಿದಿರುತ್ತವೆ. ಬೆಸುಗೆಗೆ ಬೇಕಾದ ಲೋಹವನ್ನು ತಗಡು ತನ್ನ ಮೈಮೇಲೆಯೇ ಹೊತ್ತು ತಂದಿತ್ತು!

ಇಲ್ಲಿಯೂ ಸಮಯದ ಮಿತಿಯಿದೆ. ಕುಲುಮೆಯಲ್ಲಿ ಹೆಚ್ಚು ಹೊತ್ತು ಉಳಿದರೆ ಸಿಲಿಕಾನ್ ತಿರುಳಿನೊಳಗೆ ನುಗ್ಗಿ ಅದನ್ನು ತಿನ್ನುತ್ತದೆ. ಕೊಳವೆಯ ಗೋಡೆ ತೆಳುವಾಗಿ, ಮುಂದೊಂದು ದಿನ ನೀರು ಸೋರಬಹುದು.

ದ್ರವವಾಗಿರುವಾಗಲೇ ಕೂಡಿಸುವುದು

ಮೂರನೆಯದು ಪೊರೆ ಹುಟ್ಟಲು ಬಿಡದಿರುವ ದಾರಿ. ಇದು ಎರಕದ ಅಚ್ಚಿನಲ್ಲೇ ನಡೆಯುತ್ತದೆ. ಅಲ್ಯೂಮಿನಿಯಮ್ಮಿನ ದೊಡ್ಡ ಗಟ್ಟಿಗಳನ್ನು ಎರೆಯುವ ರೀತಿ ನಮ್ಮ ಊರುಗಳ ಎರಕದಂಥದಲ್ಲ. ಅಚ್ಚಿಗೆ ತಳವಿರುವುದಿಲ್ಲ, ಅದೊಂದು ಚೌಕಟ್ಟು ಮಾತ್ರ. ಕೆಳಗೆ ಏರಿಳಿಯುವ ಪೀಠವಿರುತ್ತದೆ. ಕರಗಿದ ಲೋಹವನ್ನು ಮೇಲಿನಿಂದ ಹೊಯ್ಯುತ್ತ, ಅಂಚು ಗಟ್ಟಿಯಾದಂತೆ ಪೀಠವನ್ನು ನಿಮಿಷಕ್ಕೆ ಕೆಲವು ಸೆಂಟಿಮೀಟರಿನಂತೆ ಇಳಿಸುತ್ತಾರೆ. ಹೊರಬಂದ ಗಟ್ಟಿಯ ಮೈಮೇಲೆ ನೇರವಾಗಿ ನೀರು ಚಿಮ್ಮುತ್ತದೆ. ಹೀಗೆ ಹಲವು ಮೀಟರ್ ಉದ್ದದ ಗಟ್ಟಿ ಇಳಿಯುತ್ತ ಬೆಳೆಯುತ್ತದೆ.

ಈ ಅಚ್ಚಿನೊಳಗೆ ನೀರಿನಿಂದ ತಂಪಾಗಿಟ್ಟ ಒಂದು ತಡೆಗೋಡೆಯನ್ನು ಇಟ್ಟು ಎರಡು ಅಂಕಣ ಮಾಡಿದರೆ? ಒಂದರಲ್ಲಿ ಮೊದಲ ಮಿಶ್ರಲೋಹ, ಇನ್ನೊಂದರಲ್ಲಿ ಎರಡನೆಯದು. ಮೊದಲನೆಯದು ತಡೆಗೋಡೆಗೆ ತಾಗಿ ಒಂದು ತೊಗಟೆ ಕಟ್ಟಿಕೊಳ್ಳುತ್ತದೆ. ತಡೆಗೋಡೆ ಮುಗಿದ ಕೂಡಲೇ ಆ ತೊಗಟೆಯ ಮೇಲೆ ಎರಡನೆಯ ದ್ರವ ಬಂದು ಸೇರುತ್ತದೆ. ಆ ಹೊತ್ತಿಗೆ ತೊಗಟೆ ಪೂರ್ತಿ ಗಟ್ಟಿಯೂ ಅಲ್ಲ, ಪೂರ್ತಿ ದ್ರವವೂ ಅಲ್ಲ. ತನ್ನ ಆಕಾರವನ್ನು ಹಿಡಿದು ನಿಲ್ಲುವಷ್ಟು ಗಟ್ಟಿ, ಹೊಸಬರನ್ನು ಸೇರಿಸಿಕೊಳ್ಳುವಷ್ಟು ಮೆದು. ಗಾಳಿ ಸೋಕಿಲ್ಲ, ಆದ್ದರಿಂದ ನಡುವೆ ಪೊರೆಯಿಲ್ಲ. ಗೋಡೆಗೆ ಗಿಲಾವು ಮಾಡುವ ಗೌಂಡಿ ಮೊದಲ ಪದರ ಹಸಿಯಾಗಿ, ಆದರೆ ಹಿಡಿದು ನಿಂತಿರುವಾಗಲೇ ಎರಡನೆಯದನ್ನು ಹಚ್ಚುವ ಹದವನ್ನು ಇದಕ್ಕೆ ಹೋಲಿಸಬಹುದು. ಉಷ್ಣತೆ ಹೆಚ್ಚಾದರೆ ತೊಗಟೆ ಒಡೆದು ಎರಡೂ ಬೆರೆತುಹೋಗುತ್ತವೆ. ಕಡಿಮೆಯಾದರೆ ಅಂಟುವುದೇ ಇಲ್ಲ.

2006ರಲ್ಲಿ ಈ ವಿಧಾನವನ್ನು ‘ಫ್ಯೂಷನ್’ ಎಂಬ ಹೆಸರಿನಲ್ಲಿ ಜಗತ್ತಿನ ಮುಂದಿಟ್ಟದ್ದು ನೊವೆಲಿಸ್ ಕಂಪನಿ. ಈ ಕಂಪನಿಗೂ ಕರ್ನಾಟಕಕ್ಕೂ ಒಂದು ನಂಟಿದೆ. ಬೆಳಗಾವಿಯಲ್ಲಿ 1970ರ ಸುಮಾರಿಗೆ ಇಂಡಿಯನ್ ಅಲ್ಯೂಮಿನಿಯಂ ಕಂಪನಿಯ, ಅಂದರೆ ಇಂಡಾಲ್‌ನ ಕಾರ್ಖಾನೆ ಆರಂಭವಾಯಿತು. ಇಂಡಾಲ್‌ನಲ್ಲಿ ಕೆನಡಾದ ಅಲ್ಕಾನ್ ಕಂಪನಿಗೆ ದೊಡ್ಡ ಪಾಲಿತ್ತು. 2000ದಲ್ಲಿ ಅಲ್ಕಾನ್‌ನಿಂದ ಆ ಪಾಲನ್ನು ಭಾರತದ ಹಿಂಡಾಲ್ಕೋ ಕೊಂಡಿತು. 2005ರಲ್ಲಿ ಅಲ್ಕಾನ್ ತನ್ನ ತಗಡು ತಯಾರಿಕೆಯ ವಿಭಾಗವನ್ನು ಬೇರ್ಪಡಿಸಿದಾಗ ಹುಟ್ಟಿದ್ದೇ ನೊವೆಲಿಸ್. 2007ರಲ್ಲಿ ಅದನ್ನೂ ಹಿಂಡಾಲ್ಕೋ ಕೊಂಡುಕೊಂಡಿತು. ಬೆಳಗಾವಿಯಲ್ಲಿ ಲೋಹವನ್ನು ತೆಗೆಯುವ ಘಟಕ ಈಗಿಲ್ಲ. ಅಲ್ಯುಮಿನಾ ತಯಾರಿಕೆ ಮುಂದುವರಿದಿದೆ. ಒಂದು ಕಾಲಕ್ಕೆ ಹೊರದೇಶದ ಕಂಪನಿಯ ಶಾಖೆಯಂತಿದ್ದ ಕಾರ್ಖಾನೆಯೂ, ಅದೇ ಹೊರದೇಶದ ಕಂಪನಿಯಿಂದ ಕವಲೊಡೆದ ಹೊಸ ವಿದ್ಯೆಯೂ ಕೊನೆಗೆ ಒಂದೇ ಭಾರತೀಯ ಸಂಸ್ಥೆಯ ಕೈಸೇರಿದವು.

ಇದಕ್ಕೆ ಹತ್ತಿರದ ಇನ್ನೊಂದು ಉಪಾಯವೂ ಇದೆ. ಘನ ಅಲ್ಯೂಮಿನಿಯಂ ತುಂಡಿನ ಪೊರೆಯನ್ನು ರಾಸಾಯನಿಕ ದ್ರಾವಣದಲ್ಲಿ ತೆಗೆದು, ಆ ಜಾಗದಲ್ಲಿ ಸತುವಿನ ತೆಳು ಲೇಪ ಕೂರಿಸುತ್ತಾರೆ. ಅದರ ಮೇಲೆ ಕರಗಿದ ಮಿಶ್ರಲೋಹ ಹೊಯ್ದಾಗ ಸತು ಅದರಲ್ಲಿ ಕರಗಿಹೋಗಿ, ಎರಡು ಚೊಕ್ಕಟ ಮೈಗಳು ನೇರವಾಗಿ ಸೇರುತ್ತವೆ. ಪ್ರಯೋಗಾಲಯಗಳಲ್ಲಿ ಈ ದಾರಿಯ ಅಧ್ಯಯನ ನಡೆದಿದೆ.

ಕೂಡಿದ್ದನ್ನು ಬಿಡಿಸುವ ಚಿಂತೆ

ಕೊನೆಯದಾಗಿ ಒಂದು ಮಾತು. ಅದಿರಿನಿಂದ ಒಂದು ಕಿಲೋ ಅಲ್ಯೂಮಿನಿಯಂ ತೆಗೆಯಲು ಸುಮಾರು 14 ಯೂನಿಟ್ ವಿದ್ಯುತ್ತು ಬೇಕು. ಹಳೆಯ ಅಲ್ಯೂಮಿನಿಯಮ್ಮನ್ನು ಕರಗಿಸಿ ಮತ್ತೆ ಬಳಸಿದರೆ ಮೊದಲಿನ ಶಕ್ತಿಯಲ್ಲಿ ಶೇಕಡಾ 5ರಷ್ಟು ಸಾಕಾಗುತ್ತದೆ. ಗುಜರಿ ಅಂಗಡಿಯವನು ತೂಕ ಹಾಕಿ ಕೊಳ್ಳುವ ಹಳೆಯ ರೇಡಿಯೇಟರಿನಲ್ಲಿ ಅಷ್ಟು ವಿದ್ಯುತ್ತು ಉಳಿತಾಯವಾಗಿ ಕೂತಿದೆ. ಆದರೆ ಅದನ್ನು ಕರಗಿಸಿದರೆ ತಿರುಳಿನ ಮ್ಯಾಂಗನೀಸ್, ಹೊದಿಕೆಯ ಸಿಲಿಕಾನ್ ಎಲ್ಲವೂ ಒಂದೇ ಕಡಾಯಿಯಲ್ಲಿ ಕಲೆಯುತ್ತವೆ. ಅವನ್ನು ಮತ್ತೆ ಬೇರ್ಪಡಿಸುವುದು ಬಹಳ ಕಷ್ಟ. ಹಾಗೆ ಬೆರೆತ ಲೋಹ ಪುನಃ ಕೊಳವೆಯ ತಗಡಾಗುವುದು ಅಪರೂಪ. ಹೆಚ್ಚಾಗಿ ಅದು ಸಿಲಿಕಾನ್ ಹೆಚ್ಚಿರುವ ಎರಕದ ಮಿಶ್ರಲೋಹಗಳಿಗೆ ಹೋಗುತ್ತದೆ. ಜೋಡಿಸುವ ವಿದ್ಯೆ ಇಷ್ಟು ಮುಂದುವರಿದಿದೆ, ಬಿಡಿಸುವ ವಿದ್ಯೆ ಇನ್ನೂ ಹಿಂದಿದೆ. ನಿಮ್ಮಲ್ಲಿ ಯಾರಾದರೂ ಮುಂದೆ ಲೋಹವಿಜ್ಞಾನ ಓದಿದರೆ ಕೆಲಸ ಮಾಡಲು ಇಲ್ಲಿ ಬೇಕಾದಷ್ಟು ಜಾಗವಿದೆ.

ಅದಕ್ಕೆ ಮೊದಲು ಶಾಲೆಯಲ್ಲಿ ಒಂದು ಸಣ್ಣ ಪ್ರಯೋಗ ಮಾಡಿ ನೋಡಬಹುದು. ಶಿಕ್ಷಕರ ಎದುರಿಗೇ ಮಾಡಬೇಕು. ಬಿಳಿ ಮೇಣವನ್ನು ಕರಗಿಸಿ ಎರಡು ಬಟ್ಟಲುಗಳಲ್ಲಿ ಅರ್ಧಕ್ಕೆ ಹೊಯ್ಯಿರಿ. ಒಂದನ್ನು ಪೂರ್ತಿ ಆರಲು ಬಿಟ್ಟು ಮೇಲೆ ತೆಳ್ಳಗೆ ಪೌಡರ್ ಉದುರಿಸಿ. ಆ ಪೌಡರೇ ನಿಮ್ಮ ಪೊರೆ. ಇನ್ನೊಂದು ಅರ್ಧ ಹೆಪ್ಪುಗಟ್ಟಿದಾಗಲೇ ಬಣ್ಣದ ಮೇಣ ಹೊಯ್ಯಿರಿ. ಮೊದಲನೆಯದಕ್ಕೂ ಬಣ್ಣದ ಮೇಣ ಹೊಯ್ದು ಎರಡನ್ನೂ ಆರಿಸಿ, ಬಟ್ಟಲಿನಿಂದ ತೆಗೆದು ಬಗ್ಗಿಸಿ ನೋಡಿ. ಯಾವುದು ಪದರದಲ್ಲೇ ಬಿಡುತ್ತದೆ, ಯಾವುದು ಬಿಡುವುದಿಲ್ಲ? ಎರಡನೆಯ ಬಟ್ಟಲಿನಲ್ಲಿ ತೀರಾ ಬೇಗ ಹೊಯ್ದರೆ ಬಣ್ಣ ಏನಾಗುತ್ತದೆ? ಕಂಡದ್ದನ್ನು ಬರೆದಿಟ್ಟುಕೊಂಡು ನಿಮ್ಮ ವಿಜ್ಞಾನ ಶಿಕ್ಷಕರೊಡನೆ ಚರ್ಚಿಸಿ.